ಹಾಜರಿಪಟದ ಬುಟ್ಟಿ

ನಾನು ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಬರೆಯುವ ಕಾರಕೂನನಾಗಿ ಸೇರಿದಾಗ, ನಮ್ಮ ಹೆಡ್ ಕಾರಕೂನರ ಬಗ್ಗೆ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: ಭಾರಿ ಶಿಸ್ತಿನ ಮನುಷ್ಯ. ನಾನೂ ನಂಬಿದೆ. ಕರಜಗಿಯ ಒಕ್ಕಲುತನದ ಮನೆಯಿಂದ ಬಂದವನು, ಅಕ್ಕಲಕೋಟೆಯಲ್ಲಿ ನಾಲ್ಕು ಅಕ್ಷರ ಕಲಿತವನು. ಕೋಟು ಟೊಪ್ಪಿಗೆ ಹಾಕಿದವರನ್ನೆಲ್ಲ ದೊಡ್ಡವರೆಂದು ತಿಳಿಯುವ ವಯಸ್ಸು ಅದು. ಆ ಶಿಸ್ತು ಎಂಥದ್ದೆಂದು ಕಣ್ಣಾರೆ ಕಂಡ ಮೇಲೆ, ಇಂದಿಗೂ ಆ ಶಬ್ದ ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತದೆ.

ಹೆಡ್ ಕಾರಕೂನರ ಮೇಜಿನ ಮೇಲೆ ಮಸಿಕುಡಿಕೆ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಸರಿಯುವಂತಿರಲಿಲ್ಲ. ನೆಲಕ್ಕೆ ಬಿದ್ದ ಬರೆದ ಕಾಗದಕ್ಕೆ ಅಪ್ಪಿತಪ್ಪಿ ಕಾಲು ತಾಗಿದರೆ ಬಗ್ಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುವರು. ಸರಸ್ವತಿಯಂತೆ! ಆ ಕಾಗದದಲ್ಲಿ ಯಾರ ಹೆಸರಿದೆ, ಆ ಹೆಸರಿನವನು ಇವತ್ತು ಉಂಡಿದ್ದಾನೋ ಇಲ್ಲವೋ ಎಂಬುದು ಅವರಿಗೆ ಬೇಡವಾದ ಮಾತು. ಹೆಸರಿನವನೇ ಎದುರಿಗೆ ಬಂದು ನಿಂತರೆ, ‘ದೂರ ನಿಲ್ಲೋ, ಎಣ್ಣಿ ನಾರತಿ’ ಎಂದು ಮೂಗು ಮುಚ್ಚಿಕೊಳ್ಳುವರು. ಗಿರಣಿಯಲ್ಲಿ ದುಡಿಯುವವನ ಮೈ ಎಣ್ಣೆ ನಾರದೆ ಅತ್ತರು ನಾರುತ್ತದೆಯೇ?

ಆಫೀಸಿನ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಗಿರಣಿ ಶುರುವಾದಾಗಿನಿಂದ ಬರೆದ ಹಾಜರಿಪಟ, ಪಗಾರಪಟಗಳೆಲ್ಲ ಅಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿ ಕೂತಿದ್ದವು. ಯಾವ ದಿನ ಯಾವ ಖಾತೆಗೆ ಯಾರು ಬಂದರು, ಯಾರು ಬರಲಿಲ್ಲ, ತಿಂಗಳ ಕೊನೆಗೆ ಪಗಾರ ತೆಗೆದುಕೊಂಡು ಯಾರು ಹೆಬ್ಬೆಟ್ಟು ಒತ್ತಿದರು, ಎಲ್ಲವೂ ಅದರಲ್ಲಿತ್ತು. ಒಂದು ದಿನ ಮ್ಯಾನೇಜರರು ಮೂಗಿಗೆ ಕರವಸ್ತ್ರ ಹಿಡಿದು ಆ ಕೋಣೆಗೆ ಇಣುಕಿದರು. ಸೀನು ಬಂತು. ಸೀನಿದರು. ‘ಏನಿದು ಕಸ?’ ಎಂದು ಹೊರಟುಹೋದರು. ಅಷ್ಟೇ ನೋಡಿ. ಒಬ್ಬ ಮನುಷ್ಯನ ಮೂಗಿಗೆ ಧೂಳು ಹೋಯಿತೆಂದು ಸಾವಿರಾರು ಮಂದಿಯ ದುಡಿಮೆಯ ಗುರುತು ಅಳಿಸಿಹೋಗುವುದು ಹೀಗೆ.

ಮರುದಿನವೇ ಹೆಡ್ ಕಾರಕೂನರು ನಮ್ಮನ್ನೆಲ್ಲ ಕರೆದು ಹುಕುಂ ಓದಿದರು. ಮೂರು ವರ್ಷದ ಈಚಿನದನ್ನು ಇಟ್ಟು ಹಿಂದಿನದೆಲ್ಲ ತೆಗೆಯಬೇಕು. ನಾನು ಹೊಸಬ, ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ.

‘ರಾವಸಾಹೇಬ್ರ, ನಾಳಿ ಯಾರರೆ ಕೇಳಿದ್ರ?’ ಅಂದೆ.

‘ಯಾರು ಕೇಳ್ತಾರಪಾ?’ ಎಂದು ನಕ್ಕರು. ‘ಕಾಯದೆ ಕೇಳಂಗಿಲ್ಲ. ಇನ್ಸ್ಪೆಕ್ಟರ್ ಕೇಳಂಗಿಲ್ಲ. ಮಾಲಕರು ಕೇಳಂಗಿಲ್ಲ. ಇವರನ್ನ ಬಿಟ್ಟು ಮತ್ಯಾರು ಇದ್ದಾರ?’

ಮತ್ಯಾರು ಇದ್ದಾರೆ! ಗೋಡೆಯ ಆಚೆ ಸಾಲು ಸಾಲು ಮಗ್ಗಗಳು ನೆಲ ನಡುಗಿಸುತ್ತಿದ್ದವು, ಅವುಗಳ ಮುಂದೆ ಮನುಷ್ಯರು ನಿಂತಿದ್ದರು. ಅವರು ಈತನ ಲೆಕ್ಕದಲ್ಲಿ ಕೇಳುವವರಲ್ಲ.

ಈಗ ಒಂದು ಪೇಚು ಬಂತು. ಬರೆದ ಕಾಗದ ಸುಡುವಂತಿಲ್ಲ, ಸರಸ್ವತಿಗೆ ಬೆಂಕಿ ಇಟ್ಟ ಪಾಪ ಬರುತ್ತದೆ. ರದ್ದಿಗೆ ಹಾಕಿದರೆ ಯಾವನೋ ಅಂಗಡಿಯವನು ಅದರಲ್ಲಿ ಒಣಮೀನು ಕಟ್ಟಿಕೊಟ್ಟಾನು, ಅದು ಇನ್ನೂ ದೊಡ್ಡ ಪಾಪ. ಹೆಡ್ ಕಾರಕೂನರು ಒಂದು ದಿನವೆಲ್ಲ ಇದನ್ನೇ ಯೋಚಿಸಿದರು. ಕೊನೆಗೆ ಗಂಟುಗಳನ್ನು ಚಕ್ಕಡಿಗೆ ಹೇರಿಸಿ ತಮ್ಮ ಮನೆಗೇ ಕಳಿಸಿದರು. ಅವರ ಹೆಂಡತಿ ಅಕ್ಕಲಕೋಟೆಯವರು, ಕಾಗದದ ಬುಟ್ಟಿ ಮಾಡುವುದರಲ್ಲಿ ಭಾರಿ ಕೈ. ನಮ್ಮ ಕಡೆ ಯಾವ ಮನೆಯಲ್ಲಿ ಆ ಬುಟ್ಟಿ ಇರಲಿಲ್ಲ? ಹಳೆಯ ಕಾಗದ ಹರಿದು ನೆನೆಹಾಕುವುದು, ಮೆಂತ್ಯದ ಹಿಟ್ಟು ಕೂಡಿಸಿ ಒರಳಿಗೆ ಹಾಕಿ ಕುಟ್ಟುವುದು, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬಿಸಿಲಿಗೆ ಇಡುವುದು. ಒಣಗಿದ ಮೇಲೆ ಬಿಡಿಸಿ, ಕೆಂಪು ಜಾಜು ಬಳಿದರೆ ಜೋಳದ ಹಿಟ್ಟಿಗೆ, ರೊಟ್ಟಿಗೆ, ಬೇಳೆಗೆ ಬುಟ್ಟಿ ತಯಾರು. ಸುಟ್ಟರೆ ಪಾಪವಂತೆ, ಒರಳಿನಲ್ಲಿ ಒನಕೆಯಿಂದ ಜಜ್ಜಿದರೆ ಪಾಪವಿಲ್ಲವಂತೆ. ‘ಅನ್ನ ತುಂಬೋ ಬುಟ್ಟಿ ಆಗತದ, ಸರಸ್ವತಿಗೆ ಇದಕ್ಕಿಂತ ಛಲೋ ಗತಿ ಯಾವುದು?’ ಎಂದು ಅವರೇ ನನಗೆ ಹೇಳಿದರು. ಆ ಮುಖದ ಮೇಲಿನ ಸಮಾಧಾನ ನೋಡಬೇಕಿತ್ತು!

ಆ ವರ್ಷ ಆಫೀಸಿನವರ ಪ್ರತಿ ಮನೆಗೂ ಒಂದೊಂದು ಬುಟ್ಟಿ ಬಂತು. ನನಗೂ ಒಂದು ಕೊಟ್ಟರು. ನಾನು ಅದರಲ್ಲಿ ಸೇಂಗಾ ಹಾಕಿಟ್ಟಿದ್ದೆ.

ಕೆಲಸಗಾರನ ಹಾಜರಿ, ಪಗಾರದ ಕಾಗದ ಎಷ್ಟು ವರ್ಷ ಇಡಬೇಕು ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಇಷ್ಟು ವರ್ಷ ಆಫೀಸಿನಲ್ಲಿ ಸವೆದವನು, ಗೊತ್ತಿರಬೇಕು ಎಂದು. ನನ್ನ ಉತ್ತರ ಒಂದೇ: ನನಗೆ ಇನ್ನು ಬೇಡ ಎಂದು ಅವನು ಬಾಯಿಬಿಟ್ಟು ಹೇಳುವವರೆಗೆ ಇಡಿ. ಅವನು ಸತ್ತಿದ್ದರೆ ಅವನ ಹೆಂಡತಿ ಮಕ್ಕಳನ್ನು ಕೇಳಿ. ‘ಅಷ್ಟು ಜಾಗ ಎಲ್ಲಿಂದ ತರೋದ್ರಿ?’ ಎಂದು ಹಲ್ಲು ಕಿರಿಯುತ್ತಾರೆ. ಮಾಲಕರ ಮಗನ ಮದುವೆಯ ಫೋಟೋಗಳಿಗೆ ಗಾಜಿನ ಕಪಾಟು ಮಾಡಿಸಲು ಜಾಗವಿತ್ತು. ಮುರಿದ ಕುರ್ಚಿಗಳಿಗೆ ಒಂದು ಕೋಣೆಯೇ ಇತ್ತು. ಅಕ್ಕಲಕೋಟೆಯಲ್ಲಿ ನಾನು ಸಾಲಿ ಕಲಿಯುವಾಗ ನಮ್ಮ ನೆಂಟರೊಬ್ಬರ ಕಚೇರಿಯಲ್ಲಿ, ಯಾರದೋ ಅಜ್ಜನ ಕಾಲದಲ್ಲಿ ಯಾರು ಯಾರಿಗೆ ಮಾವಿನಹಣ್ಣು ಕಳಿಸಿದರೆಂಬ ಪಟ್ಟಿಯನ್ನು ಕೂಡ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದನ್ನು ಕಂಡಿದ್ದೇನೆ. ಜಾಗ ಇರುತ್ತದೆ ಸ್ವಾಮಿ. ಯಾರಿಗೆ ಇಡಬೇಕು ಎಂಬುದರಲ್ಲಿ ಇವರ ಬುದ್ಧಿ ಗೊತ್ತಾಗುತ್ತದೆ.

ಮಗ್ಗದ ಖಾತೆಯಲ್ಲಿ ಒಬ್ಬ ನೇಕಾರನಿದ್ದ. ತಲೆ ಅರ್ಧ ನರೆತವನು, ಮಾತು ಕಡಿಮೆ, ನಕ್ಕರೆ ಮಾತ್ರ ಬಾಯಿ ತುಂಬ ನಗುವವನು. ಅವನ ಮಂದಿ ಹಿಂದೆ ಊರೂರು ತಿರುಗಿ ಬೀಸುವ ಕಲ್ಲು ಕಟೆದುಕೊಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕರಜಗಿಗೂ ಬರುತ್ತಿದ್ದರು. ಅವನ ಅಪ್ಪ ನಮ್ಮ ಕಟ್ಟೆಯ ಮೇಲೆ ಕೂತು ಕಲ್ಲು ಕಟೆದದ್ದು ನಮ್ಮ ಅವ್ವನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನು ನನಗಿಂತ ಎಷ್ಟೋ ದೊಡ್ಡವನಾದರೂ ನನ್ನನ್ನು ಅಣ್ಣಾರ ಎಂದೇ ಕರೆಯುತ್ತಿದ್ದ.

ಅಂಥ ತಿರುಗಾಡುವ ಕುಲಗಳನ್ನು ಇಂಗ್ಲಿಷರ ಸರಕಾರ ಒಂದು ಕಾಯದೆ ಮಾಡಿ ಕಳ್ಳರು ಎಂದು ಬರೆದಿಟ್ಟಿತ್ತು. ಕದ್ದರೆ ಕಳ್ಳನಲ್ಲ, ಹುಟ್ಟಿದರೆ ಕಳ್ಳ! ಹೀಗೆ ಬರೆದವರಿಗೆ ನಾಚಿಕೆಯೂ ಇಲ್ಲ. ಸೊಲ್ಲಾಪುರದ ಅಂಚಿನಲ್ಲಿ ತಂತಿಬೇಲಿ ಹಾಕಿ, ಒಳಗೆ ಗುಡಿಸಲು ಹಾಕಿಕೊಟ್ಟು, ಅವರನ್ನು ಹೆಂಡತಿ ಮಕ್ಕಳ ಸಮೇತ ಕೂಡಿಹಾಕಿದ್ದರು. ಜನ ಅದಕ್ಕೆ ಸೆಟ್ಲಮೆಂಟ ಎನ್ನುತ್ತಿದ್ದರು. ಬೆಳಿಗ್ಗೆ ಹೆಸರು ಕೂಗಿದಾಗ ‘ಹಾಜರ್’ ಎಂದು ಗಿರಣಿಗೆ ಹೋಗಬೇಕು, ಸಂಜೆ ಬಂದು ಮತ್ತೆ ‘ಹಾಜರ್’ ಎನ್ನಬೇಕು. ಗೇಟಿನಲ್ಲಿ ಸಿಪಾಯಿ ಮೈ ಕೈ ತಡವಿ ಒಳಗೆ ಬಿಡುತ್ತಿದ್ದ. ಮಂದ್ರೂಪದಲ್ಲಿದ್ದ ತಂಗಿಯ ಮನೆಗೆ ಹೋಗಬೇಕಾದರೂ ಚೀಟಿ ಬೇಕು.

ಆದರೆ ಒಂದು ಬಾಗಿಲು ಇತ್ತು. ಬಹಳ ವರ್ಷ ತಪ್ಪದೆ ಒಂದೇ ಕಡೆ ದುಡಿದು, ನಡತೆಯಲ್ಲಿ ಒಂದು ಕಪ್ಪುಚುಕ್ಕಿಯೂ ಇಲ್ಲದವನಾದರೆ, ಅವನ ಹೆಸರು ಆ ಕಳ್ಳರ ಪಟ್ಟಿಯಿಂದ ತೆಗೆಯುತ್ತಿದ್ದರು. ಬೇಲಿಯ ಹೊರಗೆ ಎಲ್ಲರಂತೆ ಬಾಳಬಹುದಿತ್ತು. ನಮ್ಮ ನೇಕಾರ ಮಗ್ಗದ ಮುಂದೆ ನಿಂತೇ ಮುದುಕನಾಗುತ್ತ ಬಂದಿದ್ದ. ಅರ್ಜಿ ಕೊಟ್ಟ. ಸೆಟ್ಲಮೆಂಟಿನ ಸಾಹೇಬ, ಮರಾಠಿ ಮಾತಾಡುವ ನಮ್ಮ ದೇಶದವನೇ, ಗಿರಣಿಯಿಂದ ಒಂದು ದಾಖಲೆ ತಾ ಎಂದ: ಮೊದಲ ದಿನದಿಂದ ಇವತ್ತಿನವರೆಗೆ ಬಿಡದೆ ದುಡಿದಿದ್ದಾನೆ ಎಂದು.

ಆ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ನನ್ನ ಕಿಟಕಿಗೆ ಬಂದ. ಬಂದವನು ಕಿಟಕಿಯ ಸರಳು ಹಿಡಿದು ನಿಂತ.

‘ಏನ್ ಕಾಕಾ, ಮಗ್ಗದ ಸಾಂಚಾ ಮುರದ್ಯೇನು?’ ಎಂದು ಚೇಷ್ಟೆ ಮಾಡಿದೆ.

‘ಅಣ್ಣಾರ, ಮಗಾ ದೊಡ್ಡಾಂವ ಆಗ್ಯಾನ’ ಅಂದ. ‘ದೀವಳಿಗಿ ಆದಮ್ಯಾಲ ಅವನ ಹೆಬ್ಬಟ್ಟ ತೊಗೊಂಡು ಪಟ್ಟಿಗಿ ಹಾಕ್ತಾರಂತ. ಅಷ್ಟರೊಳಗ ನಾ ಹೊರಬಿದ್ದರ ಅವನ ಹೆಸರ ಬೀಳಂಗಿಲ್ಲ. ನಂದೇನ್ರಿ, ನಂದ ಮುಗೀತು. ಅವನ ಹೆಬ್ಬಟ್ಟ ಅಲ್ಲಿ ಬೀಳಬಾರದು.’

ಎದ್ದು ಹೆಡ್ ಕಾರಕೂನರ ಮೇಜಿಗೆ ಹೋದೆ, ವಿಷಯ ಹೇಳಿದೆ. ಅವರು ಮೂಗಿನ ತುದಿಯ ಕನ್ನಡಕದ ಮೇಲಿಂದ ಅವನನ್ನು ನೋಡಿದರು.

‘ಮೂರು ವರ್ಷದ್ದು ಕೊಡತೀನಿ. ಅದರ ಹಿಂದಿನದು ನಮ್ಮ ಕಡೆ ಇಲ್ಲ.’

‘ಮೂರು ವರ್ಷದ್ದು ಸಾಹೇಬ ಒಪ್ಪಂಗಿಲ್ಲಂತ್ರಿ’ ಅಂದ ನೇಕಾರ.

‘ಒಪ್ಪದಿದ್ರ ನಾ ಏನ್ ಮಾಡಲಿ? ದಾಖಲಾ ಇಲ್ಲದ ಸಹಿ ಮಾಡಲೇನು? ನಾಳಿ ನನ್ನ ನೌಕರಿಗೆ ಬಂದ್ರ?’

‘ರಾವಸಾಹೇಬ್ರ, ನೀವು ಈ ಗಿರಣಿಗೆ ಬಂದಾಗಿಂದ ಇವನನ್ನ ನೋಡೀರಿ. ಇವನ ಪಗಾರ ನೀವೇ ಹಂಚೀರಿ. ನಿಮ್ಮ ಕಣ್ಣಿಗೆ ಗೊತ್ತದ’ ಅಂದೆ.

‘ನನ್ನ ಕಣ್ಣು ದಾಖಲಾ ಅಲ್ಲ’ ಎಂದು ಮಸಿಕುಡಿಕೆಯನ್ನು ಸರಿಯಾಗಿಯೇ ಇದ್ದ ಜಾಗದಲ್ಲಿ ಮತ್ತೆ ಸರಿಮಾಡಿದರು.

ಎಲಾ ಇವನ! ದಾಖಲೆ ಕುಟ್ಟಿಸಿದವನೂ ಈತನೇ, ದಾಖಲೆ ಇಲ್ಲ ಎಂದು ಕೈ ತೊಳೆದುಕೊಳ್ಳುವವನೂ ಈತನೇ. ಇಂಥವರಿಗೆ ಕಾಗದ ಒಂದು ಕೊಡೆ ಇದ್ದಂತೆ. ತಮಗೆ ಮಳೆ ಬಂದಾಗ ಮಾತ್ರ ಬಿಚ್ಚುತ್ತಾರೆ. ನಾನು ಮ್ಯಾನೇಜರರ ಬಾಗಿಲಿಗೂ ಹೋದೆ. ಅವರು ತಲೆ ಎತ್ತದೆ, ‘ಹೆಡ್ ಕಾರಕೂನರನ್ನು ಕೇಳು’ ಎಂದರು. ನೇಕಾರನನ್ನು ಕೆಲಸಕ್ಕೆ ಹಚ್ಚಿದ ಜಾಬರ್, ಮಗ್ಗದ ಖಾತೆಯ ಮುಕಾದಮ, ಬರೆದುಕೊಡಲು ತಯಾರಿದ್ದ, ಸೆಟ್ಲಮೆಂಟಿನ ಸಾಹೇಬ ಅದನ್ನು ಬೇಡ ಎಂದ. ಕಾಗದಕ್ಕೆ ಆಫೀಸಿನ ಶಿಕ್ಕೆಯ ಮುದ್ರೆ ಬೀಳಬೇಕಂತೆ. ಶಿಕ್ಕೆ ಯಾರ ಪೆಟ್ಟಿಗೆಯಲ್ಲಿತ್ತು? ಸರಸ್ವತೀ ಭಕ್ತರ ಪೆಟ್ಟಿಗೆಯಲ್ಲಿ.

ದಸರೆ ಹೋಯಿತು. ರವಿವಾರ ಗಿರಣಿಗೆ ಸೂಟಿ ಇದ್ದ ದಿನ ನೇಕಾರನಿಗೆ ಹಗಲು ಹೊತ್ತಿನ ಚೀಟಿ ಸಿಕ್ಕಿತು. ಅವನನ್ನು ಕರೆದುಕೊಂಡು ಹೆಡ್ ಕಾರಕೂನರ ಮನೆಗೇ ಹೋದೆ. ಆಫೀಸಿನಲ್ಲಿ ಕಲ್ಲಾದವನು ಮನೆಯಲ್ಲಿ ಹೆಂಡತಿಯ ಮುಂದೆ ಸ್ವಲ್ಪ ಮೆತ್ತಗಾದಾನು ಎಂಬ ಆಸೆ ನನಗೆ. ನನ್ನನ್ನು ಪಡಸಾಲೆಗೆ ಕರೆದರು. ನೇಕಾರ ಅಂಗಳದಲ್ಲೇ ನಿಂತ.

ಅಂಗಳದ ತುಂಬ ಬುಟ್ಟಿಗಳು. ಕೆಲವು ಇನ್ನೂ ಕೊಡದ ಮೇಲೆ ಬೋರಲಾಗಿ ಒಣಗುತ್ತಿದ್ದವು, ಕೆಲವಕ್ಕೆ ಜಾಜು ಬಳಿದಾಗಿತ್ತು. ಹೆಡ್ ಕಾರಕೂನರು ಜೋಕಾಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಲೇ ಅದೇ ಮಾತು ಹೇಳಿದರು. ದಾಖಲಾ ಇಲ್ಲ. ನಿಯಮ ನಿಯಮವೇ. ಅವನ ಮಗನ ವಿಷಯ ಕೇಳಿ ಅವರ ಹೆಂಡತಿ ಒಳಗಿಂದ ಬಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು.

‘ಅಯ್ಯ ಪಾಪ, ಬರಕೊಡ್ರಿ ಏನಾಗತದ’ ಅಂದರು.

‘ನಿನಗ ತಿಳಿಯಂಗಿಲ್ಲ, ಸುಮ್ನಿರು’ ಎಂದರು ಯಜಮಾನರು. ಅಡಿಕೆಯ ಚೂರು ಬಾಯಿಗೆ ಹಾಕಿಕೊಂಡರು.

ಆ ತಾಯಿಗೆ ಏನು ಮಾಡಬೇಕೋ ತೋಚಲಿಲ್ಲ. ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಅಂಗಳಕ್ಕೆ ಇಳಿದು, ಇದ್ದುದರಲ್ಲಿ ದೊಡ್ಡ ಬುಟ್ಟಿಯೊಂದನ್ನು ಆರಿಸಿ, ನಾಲ್ಕು ರೊಟ್ಟಿ ಹಾಕಿ, ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದರು.

‘ತೊಗೊ ತಮ್ಮಾ. ನಿನ್ನ ಹೆಂಡತಿಗೆ ಹಿಟ್ಟು ಹಾಕಾಕ ಆಗತದ. ಗಿರಣಿ ಹಳೇ ಕಾಗದದ್ದು, ಭಾಳ ಗಟ್ಟಿ ಬಂದದ.’

ನೇಕಾರ ಬುಟ್ಟಿ ಎತ್ತಿಕೊಂಡ. ಒಳಗೆ ನೋಡಿದ, ತಿರುಗಿಸಿ ತಳ ನೋಡಿದ, ಬೆರಳಿನಿಂದ ಅಂಚು ಸವರಿದ. ನನಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

‘ನನ್ನ ಹಾಜರಿ ಇದರಾಗ ಐತಿ ಅನ್ರಿ’ ಅಂದ. ಸಿಟ್ಟಿನಿಂದ ಅಲ್ಲ. ಉಳಿದವರಿಗೆ ಮೊದಲೇ ತಿಳಿದದ್ದನ್ನು ತಾನೂ ತಿಳಿದುಕೊಂಡವನ ಹಾಗೆ ಅಂದ. ಹೆಡ್ ಕಾರಕೂನರು ಜೋಕಾಲಿ ನೂಕಿಕೊಂಡರು. ಅವರ ಹೆಂಡತಿ ಗಂಡನ ಮುಖ ನೋಡಿದರು, ಬುಟ್ಟಿ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಬುಟ್ಟಿಯನ್ನು ತಿರುಗಿ ಅಲ್ಲೇ ಇಟ್ಟು ಬಾ ಎಂದು ನಾನು ದಾರಿಯಲ್ಲಿ ಹೇಳಿದೆ. ‘ಯಾಕ್ರಿ, ಹೆಣಮಗಳು ಮನಸು ಮಾಡಿ ಕೊಟ್ಟಾಳ’ ಎಂದು ತಲೆಯ ಮೇಲೆ ಇಟ್ಟುಕೊಂಡು ಹೋದ.

ಮುಂದಿನದು ನನಗೆ ಗೊತ್ತಾದದ್ದು ಮರುದಿನ. ಸೆಟ್ಲಮೆಂಟಿನ ಗೇಟಿನಲ್ಲಿ ಸಿಪಾಯಿ ತಡೆದಿದ್ದ. ಜಾಜು ಬಳಿದ ಹೊಸ ಬುಟ್ಟಿ, ದೊಡ್ಡ ಮನೆಗಳಲ್ಲಿ ಇರುವಂಥದ್ದು. ಎಲ್ಲಿಂದ ತಂದೆ ಎಂದು ಕೇಳಿದ್ದಾನೆ. ಹೆಡ್ ಕಾರಕೂನರ ಮನೆಯಲ್ಲಿ ಕೊಟ್ಟರು ಎಂದು ಇವನು ಹೇಳಿದ್ದಾನೆ. ‘ಕರೆದು ಕೊಟ್ಟರಾ? ನಿನಗಾ?’ ಎಂದು ಸಿಪಾಯಿ ಹೊಟ್ಟೆ ಹಿಡಿದು ನಕ್ಕಿದ್ದಾನೆ. ರೊಟ್ಟಿ ಅವನೇ ತಿಂದ. ಬುಟ್ಟಿಯನ್ನು ಕಿತ್ತುಕೊಂಡು ಸಾಹೇಬನ ಕೋಣೆಗೆ ಕೊಟ್ಟ. ಸಾಹೇಬ ನೇಕಾರನ ಹೆಸರಿನ ಹಾಳೆ ತೆಗೆದು ಬರೆದ: ಲೆಕ್ಕ ಹೇಳಲಾಗದ ವಸ್ತು ಇವನ ಬಳಿ ಸಿಕ್ಕಿದೆ.

ನಾನು ಕೇಳಿದ್ದೇ ತಡ ಹೆಡ್ ಕಾರಕೂನರ ಮುಂದೆ ಹೋಗಿ ನಿಂತೆ. ‘ಒಂದ ಸಾಲು ಬರಕೊಡ್ರಿ. ನಮ್ಮ ಮನ್ಯಾಗ ಈ ಬುಟ್ಟಿ ಕೊಟ್ಟೀವಿ ಅಂತ. ಇದಕ್ಕ ಹಳೇ ದಾಖಲಾ ಬೇಕಿಲ್ಲ. ನಿನ್ನಿದು.’

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ದನಿ ಇಳಿಸಿ ಅಂದರು: ‘ನಮ್ಮ ಮನಿ ಹೆಣಮಕ್ಕಳ ಹೆಸರು ಆ ಕಳ್ಳರ ದಫ್ತರಕ್ಕ ಹೋಗಬೇಕೇನು? ಮಂದಿ ಏನಂದಾರು?’

‘ಅವರ ಹೆಸರು ಬ್ಯಾಡ್ರಿ. ನಿಮ್ಮ ಹೆಸರೇ ಬರೀರಿ.’

‘ಮತ್ತ ಗಿರಣಿ ಕಾಗದ ನಮ್ಮ ಮನಿಗೆ ಹೆಂಗ ಬಂತು ಅಂತ ಕೇಳಿದ್ರ?’

ಛೀ! ಇಷ್ಟೇ ಇತ್ತು ಆ ಶಿಸ್ತಿನ ಒಳಗೆ. ಹೆದರಿಕೆ, ಅದರ ಮೇಲೆ ಒಂದು ಕೋಟು, ಅದರ ಮೇಲೆ ಒಂದು ಟೊಪ್ಪಿಗೆ. ನನ್ನ ಸಿಟ್ಟು ನೆತ್ತಿಗೇರಿತು. ‘ನಿಮ್ಮ ಮನ್ಯಾಗ ಗಂಡಸು ವೈನಿ ಒಬ್ಬಾಕಿನ’ ಎಂದು ಅವರ ಹೆಂಡತಿಯನ್ನು ನೆನೆದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಆ ತಿಂಗಳಿನಿಂದ ನನ್ನನ್ನು ಹತ್ತಿ ಗೋದಾಮಿನ ಲೆಕ್ಕಕ್ಕೆ ಹಾಕಿದರು. ಹಾಕಲಿ.

ಬರೆದುಕೊಡುವವರು ಇಲ್ಲದ ಮೇಲೆ ನಾನೇ ಸಾಕ್ಷಿ ಹೇಳಲು ಸೆಟ್ಲಮೆಂಟಿಗೆ ಹೋದೆ. ಸಾಹೇಬ ಬಹಳ ಮರ್ಯಾದೆಯಿಂದ ಕೂರಿಸಿದ. ಅವನ ಕೋಣೆಯ ಮೂರು ಗೋಡೆಗೂ ಕಪಾಟುಗಳು, ಒಂದು ಚೂರು ಧೂಳಿಲ್ಲ, ಕರ್ಪೂರದ ಗುಳಿಗೆ ಹಾಕಿ ಹುಳ ಬಾರದಂತೆ ಇಟ್ಟಿದ್ದ. ಮೂಲೆಯ ಹಲಗೆಯ ಮೇಲೆ ಆ ಬುಟ್ಟಿ. ಅದರ ಅಂಚಿಗೆ ದಾರ ಕಟ್ಟಿ ಚೀಟಿ ತೂಗುಬಿಟ್ಟಿದ್ದರು. ನಮ್ಮ ಗಿರಣಿಯ ಹಾಜರಿಪಟಕ್ಕೆ ಅಂತೂ ಸರಕಾರಿ ಕಪಾಟು ಸಿಕ್ಕಿತ್ತು, ಕದ್ದ ಮಾಲಾಗಿ.

ನಾನು ಕಂಡದ್ದೆಲ್ಲ ಹೇಳಿದೆ. ಅವನು ಬರೆದುಕೊಂಡ, ಸಹಿ ತೆಗೆದುಕೊಂಡ.

‘ಹಾಗಾದರೆ ಹಾಳೆಯಲ್ಲಿ ಬರೆದದ್ದನ್ನು ಹೊಡೆದುಹಾಕುತ್ತೀರಲ್ಲ?’ ಎಂದು ಮರಾಠಿಯಲ್ಲಿ ಕೇಳಿದೆ.

‘ಬರೆದದ್ದನ್ನು ಹೊಡೆಯುವ ಅಧಿಕಾರ ನನಗಿಲ್ಲ. ನಿಮ್ಮ ಹೇಳಿಕೆಯನ್ನು ಅದರ ಕೆಳಗೆ ಸೇರಿಸುತ್ತೇನೆ’ ಅಂದ. ‘ಆದರೆ ಹಾಳೆಯಲ್ಲಿ ಇಂಥದ್ದೊಂದು ಬಿದ್ದ ವರ್ಷ ಶಿಫಾರಸು ಮಾಡಲು ಬರುವುದಿಲ್ಲ. ಗಿರಣಿಯ ದಾಖಲೆಯಾದರೂ ಇದ್ದಿದ್ದರೆ ಮೇಲಿನವರಿಗೆ ಬರೆದು ನೋಡಬಹುದಿತ್ತು.’

‘ನಿಮ್ಮ ಗೇಟಿನ ಪುಸ್ತಕದಲ್ಲೇ ಇದೆಯಲ್ಲ? ದಿನಾ ಗಿರಣಿಗೆಂದು ಹೋದ, ದಿನಾ ಬಂದ.’

‘ಹೋದ ಎಂದಿದೆ. ದುಡಿದ ಎಂದು ಎಲ್ಲಿದೆ?’

ಇದನ್ನು ಅವನು ತಮಾಷೆಗೆ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ನಾನು ಎದ್ದು ಬುಟ್ಟಿಯ ಕಡೆ ಕೈ ಮಾಡಿ, ‘ನೀವು ಕೇಳುವ ದಾಖಲೆ ಅಲ್ಲೇ ಕೂತಿದೆ ಸಾಹೇಬರೆ, ನೆನೆಹಾಕಿ ಓದಿಕೊಳ್ಳಿ’ ಎಂದು ಕೂಗಿದೆ. ಅವನು ನನ್ನನ್ನು ತಲೆಕೆಟ್ಟವನೆಂದು ತಿಳಿದಿರಬೇಕು. ನನಗೆ ನೀರು ತರಿಸಿ ಕೊಟ್ಟ. ನಾನು ಶಾಂತನಾಗಲೆಂದೋ ಏನೋ, ನೇಕಾರನ ಮನೆತನದ ಕಟ್ಟನ್ನು ತೆಗೆದು ತೋರಿಸಿದ. ಮೇಲಿನ ಹಾಳೆ ಇವನದು. ಅದರ ಕೆಳಗೆ ಇವನ ಅಪ್ಪನದು, ನಮ್ಮ ಕಟ್ಟೆಯ ಮೇಲೆ ಕೂತು ಕಲ್ಲು ಕಟೆದವನದು. ಯಾವುದೋ ಊರಿನಲ್ಲಿ ಯಾರದೋ ಎಮ್ಮೆ ಕಾಣೆಯಾದಾಗ ಅವನನ್ನು ಹಿಡಿದು ಬಿಟ್ಟದ್ದನ್ನು ಬರೆದಿತ್ತು. ಅದರ ಕೆಳಗೆ ಅಜ್ಜನದು. ಒಂದು ಹಾಳೆಯ ಮೂಲೆ ಕೂಡ ಮಡಚಿರಲಿಲ್ಲ.

‘ನೋಡಿ, ಇಲ್ಲಿ ಯಾವುದೂ ಕಳೆಯುವುದಿಲ್ಲ’ ಎಂದ ಸಾಹೇಬ, ಮನೆಯ ಮಗುವನ್ನು ತೋರಿಸುವ ಹಾಗೆ.

ದೀವಳಿಗೆ ಆಯಿತು. ಪಾಡ್ಯದ ಮುಂದಿನ ಸೋಮವಾರ ನಸುಕಿನಲ್ಲಿ ಹೊಸ ಹುಡುಗರ ಹೆಬ್ಬೆಟ್ಟು ತೆಗೆದುಕೊಳ್ಳುವುದಿತ್ತು. ನಾನು ಹೋಗಬೇಕಾದ ಕಾರಣವೇ ಇರಲಿಲ್ಲ. ಹೋದೆ. ಕೊನೆಗಳಿಗೆಯಲ್ಲಾದರೂ ಏನಾದರೂ ಹೇಳಬಹುದೇನೋ ಎಂದು. ಸಾಹೇಬ ಅಂಗಳದಲ್ಲೇ ಮೇಜು ಹಾಕಿಸಿದ್ದ. ನೇಕಾರ ಮಗನ ಪಕ್ಕದಲ್ಲಿ ನಿಂತಿದ್ದ, ಗಿರಣಿಗೆ ಹೋಗುವ ಬಟ್ಟೆಯಲ್ಲೇ. ಮಗ ಅಪ್ಪನಿಗಿಂತ ಗೇಣು ಎತ್ತರ, ಮುಖದಲ್ಲಿ ಅವನದೇ ಕಳೆ. ನನ್ನನ್ನು ನೋಡಿ ನೇಕಾರ ನಕ್ಕ. ಬಾಯಿ ತುಂಬ ಅಲ್ಲ.

ಸಾಹೇಬನ ಕಾರಕೂನ ಹುಡುಗನ ಹೆಬ್ಬೆರಳು ಹಿಡಿದು ಮಸಿಯ ಹಲಗೆಯ ಮೇಲೆ ಹೊರಳಿಸಿದ, ಹಾಳೆಗೆ ಒತ್ತಿದ. ಎರಡನೆಯ ಕೈಯದೂ ಒತ್ತಿಸಿದ. ಸಾಹೇಬ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಗುರುತು ಸ್ವಚ್ಛ ಬಂದಿದೆ ಎಂದು ತಲೆಯಾಡಿಸಿದ.

ಆಗ ನೇಕಾರ ಮೇಜಿನ ಹತ್ತಿರ ಒಂದು ಹೆಜ್ಜೆ ಬಂದ.

‘ಸಾಹೇಬ್ರ, ಒಂದ ಮಾತ ಕೇಳಲ್ರಿ? ಇದನ್ನ ಎಷ್ಟ ವರ್ಷ ಇಡ್ತೀರಿ?’

ಸಾಹೇಬನಿಗೆ ಕನ್ನಡ ಅಷ್ಟಕ್ಕಷ್ಟೇ. ನಾನು ಮರಾಠಿಯಲ್ಲಿ ಹೇಳಿದೆ. ಅವನ ಮುಖ ಅರಳಿತು. ತನ್ನ ಕೆಲಸದ ಬಗ್ಗೆ ಇಷ್ಟು ವರ್ಷದಲ್ಲಿ ಇವರಲ್ಲಿ ಒಬ್ಬನಾದರೂ ಕೇಳಿದನಲ್ಲ ಎಂಬ ಸಂತೋಷ.

‘ಇದನ್ನು ಕೆಡಿಸಲು ಹುಕುಮೇ ಇಲ್ಲ ಎಂದು ಹೇಳಿ’ ಅಂದ. ‘ಅವನು ಸತ್ತ ಮೇಲೂ ಇರುತ್ತದೆ, ಮಗ ಸತ್ತ ಮೇಲೂ ಇರುತ್ತದೆ. ಚಿಂತೆ ಮಾಡಬೇಡ ಅನ್ನಿ.’

ನಾನು ಅದನ್ನು ಕನ್ನಡ ಮಾಡಲಿಲ್ಲ. ನೇಕಾರನಿಗೆ ಅಷ್ಟು ಮರಾಠಿ ಅರ್ಥವಾಗಿತ್ತು. ಮಗನ ಕೈ ಎಳೆದುಕೊಂಡು ತನ್ನ ಧೋತರದ ಚುಂಗಿನಿಂದ ಹೆಬ್ಬೆರಳು ಒರೆಸತೊಡಗಿದ. ಮಸಿ ಹೋಗಲಿಲ್ಲ. ಉಗುಳು ಹಚ್ಚಿ ಮತ್ತೆ ಉಜ್ಜಿದ, ಬಲವಾಗಿ, ಚರ್ಮ ಕಿತ್ತುಬರುವ ಹಾಗೆ. ಅಷ್ಟರಲ್ಲಿ ದೂರದಲ್ಲಿ ಗಿರಣಿಯ ಭೋಂಗಾ ಕೂಗಿತು.

‘ಬಿಡ ಅಪ್ಪಾ’ ಅಂದ ಮಗ. ‘ಭೋಂಗಾ ಆತು. ತಡಾ ಆದರ ನಿನ್ನ ಹಾಜರಿ ಹಾಕಂಗಿಲ್ಲ.’

ನೇಕಾರ ಮಗನ ಕೈ ಬಿಟ್ಟು ಗೇಟಿನ ಕಡೆಗೆ ಓಡಿದ.